ಗಿರಣಿ ಕೂಲಿಯವರ ಮಗಳು ಸಂಗೀತದ ಎಂ.ಎ. ಎಲ್ಲಿ ಓದಬೇಕು?

ಕಳೆದ ವಾರ ತರೀಕೆರೆಯ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವ ಸಂಗಾತಿಯೊಬ್ಬರು ನಮ್ಮ ಕಚೇರಿಗೆ ಬಂದರು. ಕೂಲಿ ಬಾಕಿಯ ತಕರಾರು ಇರಬೇಕೆಂದು ನಾವು ಕಾಗದ ತೆಗೆದಿಟ್ಟುಕೊಂಡೆವು. ಅವರು ಬೆಂಚಿನ ಮೇಲೆ ಕುಳಿತು, ಟವೆಲಿನಿಂದ ಮುಖ ಒರೆಸಿಕೊಂಡು, ಬೇರೆಯೇ ಮಾತು ತೆಗೆದರು.

“ಮಗಳು ಬಿ.ಎ. ಮುಗಿಸಿದ್ಲು ಅಣ್ಣ. ಚೆನ್ನಾಗಿ ಹಾಡ್ತಾಳೆ, ಸಂಗೀತದ ಸೀನಿಯರ್ ಪರೀಕ್ಷೇನೂ ಪಾಸ್ ಮಾಡಿದಾಳೆ. ಅದರಲ್ಲೇ ಎಂ.ಎ. ಓದ್ತೀನಿ ಅಂತ ಹಟ ಹಿಡಿದಿದಾಳೆ. ಒಬ್ಬರು ಮೈಸೂರು ಅಂತಾರೆ, ಒಬ್ಬರು ಧಾರವಾಡ ಅಂತಾರೆ, ಇನ್ನೊಬ್ಬರು ಬೆಂಗಳೂರು ಅಂತಾರೆ. ಎಲ್ಲಿಗೆ ಕಳಿಸೋದು ಹೇಳಿ.”

ಅಲ್ಲೇ ಪತ್ರಿಕೆ ಓದುತ್ತಿದ್ದ ವ್ಯಾಪಾರಿ ಮಿತ್ರರೊಬ್ಬರು ನಕ್ಕುಬಿಟ್ಟರು. “ಹಾಡಿದ್ರೆ ಹೊಟ್ಟೆ ತುಂಬುತ್ತೇನಪ್ಪಾ? ಬಿ.ಎಡ್. ಮಾಡಿಸು” ಎಂದರು.

ನಗುವ ಮಾತಲ್ಲ ಇದು. ಅನುಕೂಲಸ್ಥರ ಮನೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅವರಿಗೆ ಮೈಸೂರಿನಲ್ಲಿ ಚಿಕ್ಕಪ್ಪನಿರುತ್ತಾನೆ, ಬೆಂಗಳೂರಿನಲ್ಲಿ ಮಾವನ ಮನೆಯಿರುತ್ತದೆ. ಒಂದು ಕಾಲೇಜು ಸರಿಬೀಳದಿದ್ದರೆ ಮರುವರ್ಷ ಇನ್ನೊಂದು. ಕೂಲಿಯವರ ಮನೆಯಲ್ಲಿ ಎರಡು ವರ್ಷವೆಂದರೆ ದುಡಿಯಬಲ್ಲ ಒಂದು ಜೀವದ ಎರಡು ವರ್ಷದ ಸಂಬಳ. ಆಯ್ಕೆ ತಪ್ಪಿದರೆ ಸಾಹುಕಾರರ ಮಗಳಿಗೆ ಎರಡು ವರ್ಷ ನಷ್ಟ, ಕೂಲಿಯವರ ಮಗಳಿಗೆ ಸಂಗೀತವೇ ನಷ್ಟ. ಆದುದರಿಂದ ಈ ವಾರ ಗ್ರಾಮ ಪಂಚಾಯತಿಯ ರಾಜಕೀಯವನ್ನು ಬದಿಗಿಟ್ಟು ಈ ತಂದೆಗೆ ನಾವು ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇವೆ. ಕಡೂರು, ಅಜ್ಜಂಪುರಗಳಲ್ಲೂ ಇಂಥ ತಂದೆ ತಾಯಿಗಳು ಇದ್ದಾರು.

ಮೊದಲು ನಮ್ಮ ನೆಲದ್ದೇ ಒಂದು ಹೆಸರು. ಕಡೂರಿನ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಒಂದು ಲಂಬಾಣಿ ಕುಟುಂಬದಲ್ಲಿ ಹೆಣ್ಣುಮಗು ಹುಟ್ಟಿತು. ಅಜ್ಜ ಅಜ್ಜಿ ಆ ಮಗುವನ್ನು ಮೈಸೂರಿಗೆ ಕರೆದೊಯ್ದರು. ಎಂಟನೆಯ ವಯಸ್ಸಿಗೆ ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರ ಕೈಗೆ ಒಪ್ಪಿಸಿದರು. ಅವರೇ ಮುಂದೆ ಹೆಸರಾದ ಕೆ. ವೆಂಕಟಲಕ್ಷಮ್ಮನವರು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1965ರಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆದದ್ದು ಇದೇ ತಾಂಡ್ಯದ ಮಗಳು. 1977ರಲ್ಲಿ ಅದೇ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 1992ರಲ್ಲಿ ಪದ್ಮಭೂಷಣ ಬಂತು. 2002ರಲ್ಲಿ ತೀರಿಕೊಂಡರು. ಅವರದು ನೃತ್ಯ, ಈ ಹುಡುಗಿಯದು ಗಾಯನ ಎಂದು ತೆಗೆದುಹಾಕುವಂತಿಲ್ಲ. ಪದ, ಜಾವಳಿಗಳ ಅಭಿನಯದಲ್ಲಿ ಹೆಸರಾದವರು ಅವರು. ಆ ಅಭಿನಯದ ಬೇರು ಸಂಗೀತದಲ್ಲಿದೆ, ಅದನ್ನೂ ಅವರು ವಿದ್ವಾಂಸರ ಬಳಿ ಕೂತು ಕಲಿತವರೇ.

ಆ ಮಗುವಿಗೆ ಗುರು ಸಿಕ್ಕಿದ್ದು ಹೇಗೆ? ಅಜ್ಜ ಅಜ್ಜಿ ಊರು ಬಿಟ್ಟು ಹೊರಟದ್ದರಿಂದ. ಅದು ಅದೃಷ್ಟದ ಮಾತು. ನೂರು ವರ್ಷ ಕಳೆದ ಮೇಲೂ, ಪ್ರಜಾಪ್ರಭುತ್ವ ಬಂದು ಇಷ್ಟು ಚುನಾವಣೆಗಳಾದ ಮೇಲೂ, ಕೂಲಿಯವರ ಮಗಳು ಅದೃಷ್ಟವನ್ನೇ ನಂಬಿ ಕೂರಬೇಕೆ?

ನಮ್ಮ ಕೆಲವು ಸಂಗಾತಿಗಳಿಗೆ ಈ ಮಾತು ಹಿಡಿಸದು ಎಂದು ಬಲ್ಲೆವು. ಕೂಲಿ, ಬೋನಸ್ಸು, ಭವಿಷ್ಯನಿಧಿಗಳ ಹೋರಾಟದ ನಡುವೆ ತಂಬೂರಿಯ ಮಾತೇಕೆ, ಶಾಸ್ತ್ರೀಯ ಸಂಗೀತ ಉಳ್ಳವರ ವಿಲಾಸವಲ್ಲವೇ ಎಂದು ಅವರು ಕೇಳಿಯಾರು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಕೂತಾಗ ಭೂಮಿ ಉಳ್ಳವರ ವಿಲಾಸ, ನಮಗದು ಬೇಡ ಎಂದು ಹೇಳಲಿಲ್ಲ. ಉಳುವವನಿಗೆ ಅದು ಸಲ್ಲಬೇಕು ಎಂದರು. ಹಾಡಿನ ವಿಷಯವೂ ಹಾಗೆಯೇ. ಬೀಸುವ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ, ಸೋಬಾನೆಯಲ್ಲಿ, ತತ್ವಪದದ ಭಜನೆಯಲ್ಲಿ ಹಾಡಿ ಉಳಿಸಿಕೊಂಡು ಬಂದವರು ನಮ್ಮ ಮನೆಯ ಹೆಂಗಸರು, ಗಂಡಸರು. ಆದರೆ ವೇದಿಕೆ, ಪದವಿ, ಸಂಬಳ ಬರುವ ಹೊತ್ತಿಗೆ ಪಹಣಿಯಲ್ಲಿ ಹೆಸರು ಬೇರೆಯವರದಾಗಿರುತ್ತದೆ. ಗಂಗೂಬಾಯಿ ಹಾನಗಲ್ಲರ ಅನುಭವವನ್ನೇ ನೋಡಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರಿಗೆ ಸ್ವಾಗತಗೀತೆ ಹಾಡಿದ ಆ ಬಾಲಕಿಯ ಮನಸ್ಸಿನಲ್ಲಿ, ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಯಾರೇನೋ ಎಂಬ ಅಳುಕಿತ್ತಂತೆ. ಹಾಡಿಗೆ ಚಪ್ಪಾಳೆ, ಜಾತಿಗೆ ಎಂಜಲೆಲೆ. ಈ ಲೆಕ್ಕವನ್ನು ಸರಿಪಡಿಸುವುದೂ ಸಮಾಜವಾದಿಗಳ ಕೆಲಸವೇ.

ಈಗ ಊರುಗಳ ಮಾತಿಗೆ ಬರೋಣ. ನಮ್ಮ ಸೀಮೆಗೆ ಒಂದು ವಿಶೇಷವಿದೆ. ಬೀರೂರಿನಲ್ಲಿ ರೈಲು ಹಳಿ ಕವಲೊಡೆಯುತ್ತದಷ್ಟೆ. ತರೀಕೆರೆ ಕಡೆಯಿಂದ ಬಂದ ಗಾಡಿ ಬೀರೂರು, ಕಡೂರು ದಾಟಿ ಅರಸೀಕೆರೆ, ಹಾಸನದ ಮೇಲೆ ಮೈಸೂರಿಗೆ ಹೋದರೆ ಅದು ಕರ್ನಾಟಕ ಸಂಗೀತದ ದಾರಿ. ಬೀರೂರಿನಿಂದ ಬಡಗಲಿಗೆ ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ ಹೋಗುವುದು ಹಿಂದೂಸ್ಥಾನಿಯ ದಾರಿ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡರಲ್ಲ, ಆ ಹಳಿ ಅಜ್ಜಂಪುರದ ನಿಲ್ದಾಣದ ಮುಂದೆ ಹಾದುಹೋಗುವ ಹಳಿಯೇ. ಎರಡು ಪದ್ಧತಿಗಳ ಕೂಡುದಾರಿಯಲ್ಲಿ ನಾವು ಕೂತಿದ್ದೇವೆ. ಕೂತು ಗಾಡಿ ಎಣಿಸುತ್ತಿದ್ದೇವೆ!

ಹುಡುಗಿ ಈವರೆಗೆ ಕರ್ನಾಟಕ ಪದ್ಧತಿಯಲ್ಲಿ ಕಲಿತಿದ್ದರೆ ನಮ್ಮ ಸಲಹೆ ಮೈಸೂರು. ಅಲ್ಲಿ ಎರಡು ಕಡೆ ಸೌಕರ್ಯವಿದೆ. ಒಂದು, ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜು. ಇನ್ನೊಂದು, ರಾಜ್ಯ ಸರ್ಕಾರವು ಸಂಗೀತಕ್ಕೆಂದೇ 2009ರ ಶಾಸನದಿಂದ ತೆರೆದ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯ. ಹುಬ್ಬಳ್ಳಿಯ ಹಿಂದೂಸ್ಥಾನಿ ಗಾಯಕಿಯ ಹೆಸರಿನ ವಿಶ್ವವಿದ್ಯಾನಿಲಯ ವಾಸುದೇವಾಚಾರ್ಯರ ಮೈಸೂರಿನಲ್ಲಿ ನಿಂತಿರುವುದು ನಮ್ಮ ಸರ್ಕಾರಗಳ ವಿನೋದ. ಇರಲಿ, ಅವರ ಹೆಸರು ಎಲ್ಲಿದ್ದರೂ ಆ ಊರಿಗೆ ಗೌರವವೇ.

ಹಿಂದೂಸ್ಥಾನಿ ಕಲಿತವರಿಗೆ ಧಾರವಾಡ. ಕರ್ನಾಟಕ ವಿಶ್ವವಿದ್ಯಾನಿಲಯದ ಸಂಗೀತ ವಿಭಾಗದಲ್ಲಿ ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ, ಬಸವರಾಜ ರಾಜಗುರು ಇಂಥವರು ಕೂತು ಕಲಿಸಿದ ಕಾಲವಿತ್ತು. ಆ ಮಹನೀಯರು ಈಗಿಲ್ಲ. ಗೋಡೆಯ ಮೇಲಿನ ಪಟ ನೋಡಿ ಸೇರಬೇಡಿ, ಈಗ ಕೋಣೆಯಲ್ಲಿ ಕಲಿಸುತ್ತಿರುವವರು ಯಾರೆಂದು ಕೇಳಿ ಸೇರಿ. ಆದರೆ ಸುತ್ತಮುತ್ತ ಹಾಡುವವರು, ಕೇಳುವವರು, ತಬಲ ಹಾರ್ಮೋನಿಯಂ ಹಿಡಿದು ಜೊತೆಗೆ ಕೂರುವವರು ಧಾರವಾಡ ಹುಬ್ಬಳ್ಳಿಯಲ್ಲಿ ಸಿಗುವಷ್ಟು ಬೇರೆಡೆ ಸಿಗುವುದು ಕಷ್ಟ. ಕಲಿಯುವವರಿಗೆ ಇದು ಅರ್ಧ ಪಾಠ. ಎಂ.ಎ.ಗಾಗಿ ಪದ್ಧತಿ ಬದಲಿಸಬಹುದೇ ಎಂದು ಆ ತಂದೆ ಕೇಳಿದರು. ಬೇಡವೆಂದೆವು. ಮನ್ಸೂರರು ಮೊದಲು ಕರ್ನಾಟಕ ಸಂಗೀತ ಕಲಿತು ಹಿಂದೂಸ್ಥಾನಿಗೆ ಹೊರಳಿದವರು, ನಿಜ. ಆದರೆ ಹೊರಳಿದ್ದು ಹುಡುಗರಾಗಿದ್ದಾಗ. ಎರಡು ವರ್ಷದಲ್ಲಿ ಗಂಟಲಿಗೆ ಹೊಸ ಅಭ್ಯಾಸ ಕೂರಿಸಿ, ಅದರಲ್ಲೇ ಪರೀಕ್ಷೆಯನ್ನೂ ಕೊಡುವುದು ಎತ್ತು ಬದಲಿಸಿ ಅದೇ ದಿನ ಜಾತ್ರೆಯ ಬಂಡಿ ಕಟ್ಟಿದ ಹಾಗೆ.

ಬೆಂಗಳೂರು ವಿಶ್ವವಿದ್ಯಾನಿಲಯದ ಪ್ರದರ್ಶಕ ಕಲೆಗಳ ವಿಭಾಗವೂ ಇದೆ. ಬೆಂಗಳೂರಿನಲ್ಲಿ ಕಛೇರಿಗಳು ಹೆಚ್ಚು, ಮಕ್ಕಳಿಗೆ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುವ ದಾರಿಯೂ ಉಂಟು. ಆದರೆ ಬಾಡಿಗೆ, ಬಸ್ಸು, ಊಟ, ದಾರಿಯಲ್ಲೇ ಸವೆಯುವ ಹೊತ್ತು ಇವನ್ನೆಲ್ಲ ಕೂಡಿ ನೋಡಿದರೆ, ನೆಂಟರ ಮನೆಯೋ ಸರ್ಕಾರಿ ವಸತಿ ನಿಲಯವೋ ಖಚಿತವಾಗಿ ಸಿಗದೆ ಕೂಲಿಯವರ ಮಗಳನ್ನು ಅಲ್ಲಿಗೆ ಕಳಿಸುವುದು ತರವಲ್ಲ. ಖಾಸಗಿ ಸಂಸ್ಥೆಗಳ ಬಣ್ಣದ ಕಾಗದಗಳೂ ಬರುತ್ತವೆ. ಕಟ್ಟಡದ ಚಿತ್ರ ದೊಡ್ಡದಾಗಿ, ಶುಲ್ಕದ ಅಂಕಿ ಸಣ್ಣ ಅಕ್ಷರದಲ್ಲಿ. ಸಂಗೀತದ ಎಂ.ಎ.ಗಾಗಿ ಮನೆಪತ್ರ ಅಡವಿಟ್ಟು ಸಾಲ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇವೆ. ಆ ಸಾಲ ತೀರಿಸುವಷ್ಟು ಸಂಬಳ ಕೊಡುವ ಕೆಲಸ ಈ ವಿದ್ಯೆಯಲ್ಲಿ ಬೇಗ ಸಿಗದು.

ಪದವಿಯ ಹಂಗಿಲ್ಲದ ಇನ್ನೊಂದು ದಾರಿಯನ್ನೂ ಮರೆಯಬಾರದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ 2010ರವರೆಗೆ ಬದುಕಿದ್ದ ಪುಟ್ಟರಾಜ ಗವಾಯಿಗಳು ಕುರುಡರಿಗೆ, ಬಡವರಿಗೆ ಜಾತಿ ಕೇಳದೆ ಅನ್ನ ಹಾಕಿ ಸ್ವರ ಕೊಟ್ಟರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಜಾನಪದ ಗಾಯಕರ ಮಗ ವೆಂಕಟೇಶ ಕುಮಾರರು ಅಲ್ಲಿ 12 ವರ್ಷ ಕಲಿತರು. ಮುಂದೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ಅಧ್ಯಾಪಕರಾದರು, 2016ರಲ್ಲಿ ಪದ್ಮಶ್ರೀ ಪಡೆದರು. ಹನ್ನೆರಡು ವರ್ಷ! ನಮ್ಮ ಎಂ.ಎ. ಎರಡೇ ವರ್ಷದ್ದು ಎಂಬುದನ್ನು ನೆನಪಿಡಬೇಕು. ಎಂ.ಎ. ಗಾಯಕಿಯನ್ನು ಹುಟ್ಟಿಸುವುದಿಲ್ಲ, ಮೊದಲೇ ಹಾಡುವವಳನ್ನು ಸ್ವಲ್ಪ ತಿದ್ದಿ, ಶಾಸ್ತ್ರ ಹೇಳಿಕೊಟ್ಟು, ಕೈಗೊಂದು ಕಾಗದ ಕೊಡುತ್ತದೆ.

ಆ ಕಾಗದವನ್ನು ಹಗುರವಾಗಿ ನೋಡುವ ಗುರುಗಳಿದ್ದಾರೆ. ಹೊಟ್ಟೆ ತುಂಬಿದವರು ನೋಡಬಹುದು. ವೆಂಕಟಲಕ್ಷಮ್ಮನವರನ್ನು ಅವರ ಕಲೆ ನೋಡಿ ಹುದ್ದೆಗೆ ಕರೆದ ಕಾಲ ಹೋಯಿತು. ಈಗ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಬೇಕಾದ ಎನ್.ಇ.ಟಿ. ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕ ಬೇಕು. ಹಿಂದುಳಿದ ವರ್ಗದವರಿಗೂ ಪರಿಶಿಷ್ಟರಿಗೂ ಶೇಕಡ 50. ಆ ಪರೀಕ್ಷೆಯಲ್ಲಿ ಸಂಗೀತವೂ ಒಂದು ವಿಷಯ. ಜಮೀನಿಲ್ಲದವರಿಗೆ ಈ ಕಾಗದವೇ ಪಡಿತರ ಚೀಟಿ.

ಹಾಗಾದರೆ ಸೇರುವ ಮುನ್ನ ನೋಡಬೇಕಾದ್ದೇನು? ಅರ್ಜಿ ಹಾಕುವ ಮೊದಲು ಒಂದು ದಿನ ಕೂಲಿ ಬಿಟ್ಟು, ಮಗಳನ್ನು ಕರೆದುಕೊಂಡು ಆ ವಿಭಾಗಕ್ಕೇ ಹೋಗಿ ಎಂದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಗಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ, ತಂದೆಗಷ್ಟೇ ಖರ್ಚು. ಒಂದು ತರಗತಿಯ ಬಾಗಿಲಲ್ಲಿ ಅನುಮತಿ ಕೇಳಿ ಕುಳಿತುಕೊಳ್ಳಿ. ಒಂದು ಗಂಟೆಯ ಪಾಠದಲ್ಲಿ ಹತ್ತು ಜನರಿದ್ದರೆ ಒಬ್ಬಳ ಪಾಲಿಗೆ ಬರುವುದು ಆರು ನಿಮಿಷ. ಆ ಆರು ನಿಮಿಷವಾದರೂ ಮೇಷ್ಟ್ರು ಒಬ್ಬೊಬ್ಬರನ್ನೇ ಹಾಡಿಸಿ ಕೇಳುತ್ತಾರೋ, ಇಲ್ಲ ಎಲ್ಲರೂ ಒಟ್ಟಿಗೆ ಮಗ್ಗಿ ಹೇಳಿದಂತೆ ಹೇಳಿ ಎದ್ದು ಬರುತ್ತಾರೋ? ಗಂಡು ಹೆಣ್ಣು ಮಕ್ಕಳನ್ನೆಲ್ಲ ಒಂದೇ ಶ್ರುತಿಗೆ ಕೂರಿಸಿದ್ದಾರೋ, ಅವರವರ ಗಂಟಲಿಗೆ ತಕ್ಕ ಶ್ರುತಿ ಇಟ್ಟುಕೊಡುತ್ತಾರೋ? ಹೆಣ್ಣುಮಗಳ ದನಿಗೆ ಸಹಜವಾದ ಶ್ರುತಿ ಗಂಡಸಿನದಕ್ಕಿಂತ ಎಷ್ಟೋ ಮೇಲಿರುತ್ತದೆ. ಎರಡು ವರ್ಷ ಅವಳನ್ನು ಕೆಳಗಿನ ಶ್ರುತಿಯಲ್ಲೇ ಹಾಡಿಸಿದರೆ ಮಂದ್ರವೂ ಮೊಳಗದು, ತಾರಸ್ಥಾಯಿಯೂ ಏಳದು. ಎರಡೂ ಕೆಟ್ಟು ಕಾಗದ ಮಾತ್ರ ಮನೆಗೆ ಬರುತ್ತದೆ. ಇದನ್ನು ತಿಳಿಯಲು ತಂದೆಗೆ ಸಂಗೀತ ಬರಬೇಕಾದ್ದಿಲ್ಲ. ಕೂಲಿ ಹಂಚುವಾಗ ಯಾರ ಪಾಲು ಯಾರಿಗೆ ಹೋಯಿತೆಂದು ನೋಡುವ ಕಣ್ಣೇ ಸಾಕು.

ಕಲಿಸುವವರಲ್ಲಿ ಎಷ್ಟು ಜನ ಕಾಯಂ, ಎಷ್ಟು ಜನ ಅತಿಥಿ ಉಪನ್ಯಾಸಕರು ಎಂಬುದನ್ನೂ ಕೇಳಿ. ಅತಿಥಿ ಎಂಬ ಹೆಸರು ಚೆಂದ, ಅತಿಥಿಗೆ ಊಟ ಮಾತ್ರ ಇಲ್ಲ. ನಾಡಿನ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2021ರ ಕೊನೆಯಲ್ಲಿ ತರಗತಿ ಬಹಿಷ್ಕರಿಸಿ ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಅವರ ಮೇಲೆ ನಮಗೆ ದೂರಿಲ್ಲ, ಅವರು ನಮ್ಮಂತೆಯೇ ದಿನಗೂಲಿಯವರು. ಆದರೆ ಬೇರೆ ಪಾಠವನ್ನು ಮತ್ತೊಬ್ಬರು ಮುಂದುವರಿಸಬಹುದು. ಗಾಯನದಲ್ಲಿ ವರ್ಷದ ನಡುವೆ ಗುರು ಬದಲಾದರೆ ಗಂಟಲು ದಿಕ್ಕು ತಪ್ಪುತ್ತದೆ.

ವಸತಿ ನಿಲಯದಲ್ಲಿ ಕೇಳಬೇಕಾದ್ದು ಊಟದ ಮಾತೊಂದೇ ಅಲ್ಲ. ಬೆಳಿಗ್ಗೆ ಐದು ಗಂಟೆಗೆ ಹಾಡಲು ಬಿಡುತ್ತೀರಾ ಎಂದು ಕೇಳಿ. ಒಂದೇ ಕೋಣೆಯಲ್ಲಿ ನಾಲ್ಕಾರು ಹುಡುಗಿಯರು, ಪಕ್ಕದ ಹಾಸಿಗೆಯವಳಿಗೆ ಮರುದಿನ ಗಣಿತದ ಪರೀಕ್ಷೆ. ಇವಳು ಷಡ್ಜ ಹಿಡಿದರೆ ಮೇಲ್ವಿಚಾರಕಿಗೆ ದೂರು ಹೋಗುತ್ತದೆ. ಹಾಡುವ ಮಕ್ಕಳು ನೀರಿನ ತೊಟ್ಟಿಯ ಹತ್ತಿರ, ಮಾಳಿಗೆಯ ಮೇಲೆ ಜಾಗ ಹುಡುಕುತ್ತಾರೆ. ತಂಬೂರಿಯ ಚಿಂತೆ ಈಗ ಅಷ್ಟಿಲ್ಲ, ಕೈಯಲ್ಲಿರುವ ಫೋನೇ ಶ್ರುತಿ ಹಿಡಿಯುತ್ತದೆ. ದನಿ ತೆರೆದು ಹಾಡಲು ಒಂದು ಮುಚ್ಚಿದ ಕೋಣೆ ಬೇಕು. ತರೀಕೆರೆಯ ಗಿರಣಿಯ ಧೂಳಿನ ಮಗ್ಗುಲಲ್ಲೇ ಬೆಳೆದ ಗಂಟಲಿಗೆ ಅಷ್ಟಾದರೂ ಸಿಗದಿದ್ದರೆ ಊರು ಬಿಟ್ಟದ್ದೇಕೆ?

ಹೊರದೇಶಗಳಲ್ಲಿ ಗಾಯನದ ವಿದ್ಯಾರ್ಥಿಗಳು ಕಾಲೇಜಿನ ಹೆಸರಿಗಿಂತ ಮೊದಲು ಗುರುವನ್ನು ಹುಡುಕುತ್ತಾರೆ. ಸೇರುವ ಮುನ್ನವೇ ಒಂದು ಪಾಠ ಹೇಳಿಸಿಕೊಂಡು ಇಬ್ಬರಿಗೂ ಹೊಂದುತ್ತದೆಯೇ ಎಂದು ನೋಡುವ ರೂಢಿಯಿದೆ. ಬಂಡವಾಳಗಾರರ ತವರಾದ ಅಮೆರಿಕದಲ್ಲೇ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಶಾಲೆ 1928ರಿಂದ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಯೇಲ್ ವಿಶ್ವವಿದ್ಯಾನಿಲಯದ ಸಂಗೀತ ಶಾಲೆಗೆ 2005ರಲ್ಲಿ 10 ಕೋಟಿ ಡಾಲರ್ ದೇಣಿಗೆ ಬಂದ ಮೇಲೆ ಅಲ್ಲಿಯೂ ಬೋಧನಾ ಶುಲ್ಕವಿಲ್ಲ. ಅಲ್ಲಿ ಪ್ರವೇಶಕ್ಕೆ ಗಂಟಲನ್ನು ಕೇಳಿ ನೋಡುತ್ತಾರೆ, ಜೇಬನ್ನಲ್ಲ. ಆದರೆ ಅದು ಧಣಿಗಳ ದಾನ. ಇಲ್ಲಿ ನಾವು ಕೇಳುವುದು ದಾನವಲ್ಲ. ಮೈಸೂರು ವಾಸುದೇವಾಚಾರ್ಯರನ್ನು ತಿರುವೈಯಾರಿಗೆ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಲಿಯಲು ಕಳಿಸಿದ್ದು ಅರಮನೆಯ ಖರ್ಚಿನಲ್ಲಿ. ಆ ಬೊಕ್ಕಸ ತುಂಬಿದ್ದು ಯಾರಿಂದ? ಕಡೂರು, ತರೀಕೆರೆಗಳ ರೈತರು ಕಟ್ಟಿದ ಕಂದಾಯವೂ ಅದರಲ್ಲಿತ್ತು. ಅಂದು ರಾಜನ ಮರ್ಜಿಯಲ್ಲಿ ಆದದ್ದು ಇಂದು ಹಕ್ಕಿನ ಮೇಲೆ ಆಗಬೇಕು.

ಇರುವ ಸಹಾಯ ಇಲ್ಲವೆನ್ನಲಾಗದು. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾಸಿರಿ ಇದೆ, ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ಕೊಡುವ ಯೋಜನೆಯೊಂದನ್ನು ಇಟ್ಟಿದೆ. ನಮ್ಮ ಮೂರು ತಾಲ್ಲೂಕಿನಲ್ಲಿ ಅದರ ಹೆಸರು ಕೇಳಿದವರು ಎಷ್ಟು ಜನ? ಪ್ರಕಟಣೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರುತ್ತದೆ. ಮೂಟೆ ಹೊರುವವರ ಕಣ್ಣಿಗೆ ಬೀಳುವ ಜಾಗದಲ್ಲಿ ಯಾರೂ ಅಂಟಿಸುವುದಿಲ್ಲ.

ಇನ್ನು ವ್ಯಾಪಾರಿ ಮಿತ್ರರ ಪ್ರಶ್ನೆ, ಹೊಟ್ಟೆ ತುಂಬುತ್ತದೆಯೇ ಎಂಬುದು. ಕಛೇರಿಯಿಂದ ತುಂಬದು, ಬಹಳ ಕಾಲ ತುಂಬದು. ಹೆಚ್ಚಿನ ಗಾಯಕರ ಅನ್ನ ಬರುವುದು ಪಾಠದಿಂದ. ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶ್ರೇಣಿ ಪಡೆದರೆ ಆಗಾಗ ಕಾರ್ಯಕ್ರಮ ಸಿಗುತ್ತದೆ, ಸಂಭಾವನೆಗಿಂತ ಹೆಚ್ಚಾಗಿ ಹೆಸರು ಬರುತ್ತದೆ. 1965ರಿಂದ ನಡೆಯುತ್ತಿರುವ ಭದ್ರಾವತಿ ಕೇಂದ್ರ ತರೀಕೆರೆಗೆ ಪಕ್ಕದ ಮನೆಯಿದ್ದಂತೆ. ನಿಜವಾದ ಅನ್ನ ಇರುವುದು ಶಾಲೆಗಳಲ್ಲಿ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಎಷ್ಟು ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತದ ಮೇಷ್ಟ್ರಿದ್ದಾರೆ? ಓದುಗರು ನಾಳೆಯೇ ತಮ್ಮೂರಿನ ಶಾಲೆಗೆ ಹೋಗಿ ಕೇಳಿ ನೋಡಲಿ. ಶಾಸಕರು ಸಭೆಗೆ ಬಂದಾಗ ಪ್ರಾರ್ಥನೆ ಹಾಡಲು ಹುಡುಗಿಯರನ್ನು ಸಾಲಾಗಿ ನಿಲ್ಲಿಸುತ್ತಾರಲ್ಲ, ಅವರಿಗೆ ಅದನ್ನು ಕಲಿಸಿದವರು ಯಾರು ಎಂದು ಒಬ್ಬ ಶಾಸಕರಾದರೂ ಕೇಳಿದ್ದುಂಟೆ? ಒಂದು ಕಡೆ ಸಂಗೀತಕ್ಕೆ ವಿಶ್ವವಿದ್ಯಾನಿಲಯ ತೆರೆದು, ಇನ್ನೊಂದು ಕಡೆ ಅಲ್ಲಿಂದ ಹೊರಬಂದವರಿಗೆ ಶಾಲೆಯ ಬಾಗಿಲು ತೆರೆಯದಿರುವುದು ಭತ್ತ ಬೆಳೆಯಲು ಹೇಳಿ ಗಿರಣಿ ಮುಚ್ಚಿದಂತೆ. ಹೋಬಳಿಗೊಬ್ಬ ಸಂಗೀತ ಶಿಕ್ಷಕರನ್ನಾದರೂ ಕಾಯಂ ಆಗಿ ನೇಮಿಸಬೇಕು, ಸಂಗೀತ ವಿಭಾಗವಿರುವ ಕಡೆ ವಸತಿ ನಿಲಯದಲ್ಲಿ ಅಭ್ಯಾಸದ ಕೋಣೆ ಕಟ್ಟಿಸಬೇಕು ಎಂಬುದು ನಮ್ಮ ಬೇಡಿಕೆ. ಇದು ದೊಡ್ಡ ಮೊತ್ತದ ಮಾತಲ್ಲ.

ನಮ್ಮ ಪೇಟೆಯವರಿಗೂ ಒಂದು ಮಾತು. ಗಣಪತಿ ಪೆಂಡಾಲಿಗೆ ಹೊರಗಿನಿಂದ ಆರ್ಕೆಸ್ಟ್ರಾ ತರಿಸಿ, ಕಿವಿ ಕಿತ್ತುಹೋಗುವ ಧ್ವನಿವರ್ಧಕ ಹಾಕಿ, ಒಂದೇ ರಾತ್ರಿಗೆ ಸುರಿಯುವ ಹಣ ಎಷ್ಟೆಂದು ಚಂದಾ ಕೊಟ್ಟವರಿಗೆ ಗೊತ್ತು. ಊರಿನ ಹುಡುಗಿ ಅದೇ ಪೆಂಡಾಲಿನಲ್ಲಿ ಒಂದು ಗಂಟೆ ಹಾಡಿದರೆ ಅವಳಿಗೆ ತೆಂಗಿನಕಾಯಿ, ಒಂದು ಶಾಲು, ನಾಲ್ಕು ಒಳ್ಳೆಯ ಮಾತು. ತೆಂಗಿನಕಾಯಿಗೆ ಕಡೂರಿನಲ್ಲಿ ಬರವಿಲ್ಲ! ಮಂಡಿಯವರೂ ಹಮಾಲರ ಸಂಘದವರೂ ಕೂಡಿ, ಆರ್ಕೆಸ್ಟ್ರಾದ ಹಣದಲ್ಲಿ ಕಾಲುಭಾಗ ತೆಗೆದಿಟ್ಟರೆ ಒಬ್ಬಳ ಒಂದು ವರ್ಷದ ಊಟದ ಖರ್ಚಿಗೆ ಆಸರೆಯಾದೀತು. ಮೊನ್ನೆ ನಕ್ಕ ವ್ಯಾಪಾರಿ ಮಿತ್ರರಿಗೇ ಇದನ್ನು ಹೇಳಿದೆವು. ಅವರು ಸಂಘದ ಸಭೆಯಲ್ಲಿ ಎತ್ತುತ್ತೇನೆ ಎಂದಿದ್ದಾರೆ. ಎತ್ತುತ್ತಾರೋ ಇಲ್ಲವೋ ನೋಡೋಣ, ಮುಂದಿನ ಸಂಚಿಕೆಗಳಲ್ಲಿ ಬರೆಯುತ್ತೇವೆ.

ಆ ತಂದೆ ಮಗಳೊಡನೆ ಮುಂದಿನ ಸೋಮವಾರ ಮೈಸೂರಿಗೆ ಹೋಗಿ ಎರಡೂ ಕಡೆ ತರಗತಿ ನೋಡಿಕೊಂಡು ಬರುವುದೆಂದು ತೀರ್ಮಾನವಾಗಿದೆ. ಇಂಥದೇ ಪ್ರಶ್ನೆಯಿರುವವರು, ಅರ್ಜಿ ತುಂಬಲು ತೊಡಕಾಗುವವರು ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಮ್ಮ ಕಚೇರಿಗೆ ಬರಲಿ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಂಗೀತ ಪರೀಕ್ಷೆಯ ಸರ್ಟಿಫಿಕೇಟುಗಳ ನಕಲು ತರಬೇಕು. ಆದಾಯ ಪ್ರಮಾಣಪತ್ರ ಇಲ್ಲದವರು ಅದಕ್ಕೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟುಬಿಡುವುದು ಒಳಿತು, ಪ್ರವೇಶದ ಕೊನೆಯ ವಾರದಲ್ಲಿ ಅಲ್ಲಿ ಸಾಲು ದೊಡ್ಡದಿರುತ್ತದೆ.